ಜಗತ್ತು ಕಂಪ್ಯೂಟರ್ ಲೆಕ್ಕವೇ? ಮೊದಲು ಖರ್ಚು ನೋಡೋಣ

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗ ಈಚೆಗೆ ಒಂದೇ ವಾದ ಹಿಡಿದು ಕುಳಿತಿದ್ದಾನೆ. ನಾವು ಕಾಣುವ ಜಗತ್ತು ನಿಜವಲ್ಲ, ಯಾರೋ ನಡೆಸುತ್ತಿರುವ ಕಂಪ್ಯೂಟರ್ ಸಿಮ್ಯುಲೇಷನ್ ಎನ್ನುತ್ತಾನೆ. ನಾವು ಅಸಲಿ ಜಗತ್ತಿನಲ್ಲಿರುವ ಸಾಧ್ಯತೆ ಶತಕೋಟಿಗಳಲ್ಲಿ ಒಂದು ಎಂದು ಎಲಾನ್ ಮಸ್ಕ್ ಹೇಳಿದ್ದಾರಂತೆ. ಪ್ಲಾಂಕ್ ಉದ್ದವೇ ಈ ಜಗತ್ತಿನ ಪಿಕ್ಸೆಲ್, ಬೆಳಕಿನ ವೇಗವೇ ಅದರ ಪ್ರೊಸೆಸರಿನ ಮಿತಿ, ಯಾರೂ ನೋಡದಿದ್ದಾಗ ಕಣಗಳಿಗೆ ಗೊತ್ತಾದ ಜಾಗವೇ ಇರುವುದಿಲ್ಲ, ಇವೆಲ್ಲ ಪುರಾವೆ ಎಂದು ಪಟ್ಟಿ ಕೊಡುತ್ತಾನೆ. ನನ್ನ ತಂದೆಯವರು, 'ಶಂಕರಾಚಾರ್ಯರು ಹೇಳಿದ ಮಾಯೆಯೇ ಇದು, ಹೊಸದೇನಿದೆ?' ಎಂದು ಅವನ ಪರವಾಗಿ ನಿಂತುಬಿಟ್ಟಿದ್ದಾರೆ. ವಿಜ್ಞಾನ ನಿಜಕ್ಕೂ ಏನು ಹೇಳುತ್ತದೆ?
ಒಬ್ಬ ಓದುಗರು, ಹಾಸನ

ಉತ್ತರ: ತಾತ ಮೊಮ್ಮಗ ಒಂದು ಪಕ್ಷವಾದರೆ ನಡುವೆ ಇರುವವರ ಮಾತು ನಡೆಯುವುದು ಕಷ್ಟ. ಆದರೂ ನೇರವಾಗಿ ಹೇಳಿಬಿಡುತ್ತೇನೆ. ಜಗತ್ತು ಸಿಮ್ಯುಲೇಷನ್ ಅಲ್ಲ ಎಂದು ಯಾರೂ ಸಾಧಿಸಿ ತೋರಿಸಿಲ್ಲ, ಸಾಧಿಸಲು ಬಹುಶಃ ಆಗುವುದೂ ಇಲ್ಲ. ಆದರೆ ಹೌದು ಎಂದು ನಂಬಲು ನಿಮ್ಮ ಮಗ ಕೊಡುವ ಕಾರಣಗಳಲ್ಲಿ ಒಂದೂ ಗಟ್ಟಿಯಾಗಿಲ್ಲ. ನಾನು ವೃತ್ತಿಯಿಂದ ಸಿಮ್ಯುಲೇಷನ್ ನಡೆಸುವವನು. ಮುಂಗಾರು ಮಳೆಯನ್ನು ಕಂಪ್ಯೂಟರಿನಲ್ಲಿ ಬರಿಸುವುದು ನನ್ನ ಕಸುಬು. ಹಾಗಾಗಿ ಇಂಥ ವಾದ ಕಿವಿಗೆ ಬಿದ್ದರೆ ಮೊದಲು ಅದರ ಖರ್ಚು ಎಷ್ಟು ಎಂದು ಕೇಳುವ ಚಟ ಅಂಟಿಕೊಂಡಿದೆ.

ಮೊದಲು ಅಸಲು ವಾದ ಏನೆಂದು ತಿಳಿಯೋಣ, ಏಕೆಂದರೆ ಬಾಯಿಂದ ಬಾಯಿಗೆ ಹೋಗುತ್ತ ಅದರ ಮುಖವೇ ಬದಲಾಗಿದೆ. 2003ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ, ಸ್ವೀಡನ್ ಮೂಲದ ದಾರ್ಶನಿಕ ನಿಕ್ ಬೋಸ್ಟ್ರಂ ಒಂದು ಪ್ರಬಂಧ ಪ್ರಕಟಿಸಿದರು. ನಾವು ಸಿಮ್ಯುಲೇಷನ್ನಿನಲ್ಲಿದ್ದೇವೆ ಎಂದು ಅವರು ಅದರಲ್ಲಿ ಹೇಳಲಿಲ್ಲ. ಮೂರು ಸಂಗತಿಗಳಲ್ಲಿ ಒಂದಾದರೂ ನಿಜವಿರಲೇಬೇಕು ಎಂದರು. ನಮ್ಮಂಥ ಜೀವಿಗಳು ಇಡೀ ಮನುಷ್ಯರನ್ನೇ ಲೆಕ್ಕದಲ್ಲಿ ನಡೆಸುವಷ್ಟು ತಂತ್ರಜ್ಞಾನ ಗಳಿಸುವ ಮೊದಲೇ ಹೆಚ್ಚುಕಡಿಮೆ ಎಲ್ಲರೂ ಅಳಿದುಹೋಗುತ್ತಾರೆ ಎಂಬುದು ಒಂದು. ಗಳಿಸಿದವರು ತಮ್ಮ ಪೂರ್ವಜರ ಬದುಕನ್ನು ಹಾಗೆ ಮತ್ತೆ ನಡೆಸಿ ನೋಡುವ ಗೋಜಿಗೇ ಹೋಗುವುದಿಲ್ಲ ಎಂಬುದು ಇನ್ನೊಂದು. ಇವೆರಡೂ ಅಲ್ಲವಾದರೆ ಅಸಲಿ ಮನುಷ್ಯರಿಗಿಂತ ಲೆಕ್ಕದ ಮನುಷ್ಯರ ಸಂಖ್ಯೆ ಎಷ್ಟೋ ಪಟ್ಟು ಹೆಚ್ಚುತ್ತದೆ, ಆಗ ನಾವು ಅಸಲಿಗಳ ಚಿಕ್ಕ ಗುಂಪಿಗೆ ಸೇರಿದವರು ಎಂದುಕೊಳ್ಳಲು ಆಧಾರವಿರುವುದಿಲ್ಲ. ಇದು ದಡ್ಡ ತರ್ಕವಲ್ಲ. ಆದರೆ ಮೂರರಲ್ಲಿ ಯಾವುದು ನಿಜ ಎಂದು ಈಗಿನ ತಿಳಿವಳಿಕೆಯಲ್ಲಿ ಆರಿಸಲಾಗದು, ಮೂರಕ್ಕೂ ಸರಿಸುಮಾರು ಸಮಪಾಲು ನಂಬಿಕೆ ಹಂಚುವುದೇ ವಿವೇಕ ಎಂದು ಬೋಸ್ಟ್ರಂ ಅವರೇ ಅಲ್ಲಿ ಬರೆದಿದ್ದಾರೆ.

2016ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಸಮ್ಮೇಳನದ ವೇದಿಕೆಯಲ್ಲಿ ಮಸ್ಕ್ ಇದನ್ನು ಬೇರೆ ಧಾಟಿಯಲ್ಲಿ ಹೇಳಿದರು. ನಲವತ್ತು ವರ್ಷಗಳ ಹಿಂದೆ ನಮ್ಮಲ್ಲಿದ್ದದ್ದು ಎರಡು ಆಯತ, ಒಂದು ಚುಕ್ಕಿಯ ಪಾಂಗ್ ಆಟ. ಈಗ ಫೋಟೋದಂತೆ ಕಾಣುವ ಮೂರು ಆಯಾಮದ ಆಟಗಳನ್ನು ಲಕ್ಷಾಂತರ ಜನ ಒಟ್ಟಿಗೆ ಆಡುತ್ತಾರೆ. ಹೀಗೇ ಮುಂದುವರಿದರೆ ಆಟಕ್ಕೂ ನಿಜಕ್ಕೂ ವ್ಯತ್ಯಾಸ ಉಳಿಯುವುದಿಲ್ಲ ಎಂಬುದು ಅವರ ಮಾತು. ಶತಕೋಟಿಗಳಲ್ಲಿ ಒಂದು ಎಂಬ ಅಂಕಿ ಬಂದದ್ದು ಅಲ್ಲಿಂದ. ಅಂದರೆ ಬೋಸ್ಟ್ರಂ ಅವರ ಮೊದಲ ಎರಡು ಸಾಧ್ಯತೆಗಳನ್ನು ಸದ್ದಿಲ್ಲದೆ ಹೊಡೆದುಹಾಕಿದರೆ ಮಾತ್ರ ಆ ಅಂಕಿ ನಿಲ್ಲುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಖಗೋಳವಿಜ್ಞಾನಿ ಡೇವಿಡ್ ಕಿಪಿಂಗ್ 2020ರಲ್ಲಿ ಇದೇ ವಾದಕ್ಕೆ ಸಂಭವನೀಯತೆಯ ಗಣಿತ ಹಚ್ಚಿ ನೋಡಿದಾಗ, ನಾವು ಸಿಮ್ಯುಲೇಷನ್ನಿನಲ್ಲಿರುವ ಸಾಧ್ಯತೆ ಅರ್ಧಕ್ಕಿಂತ ತುಸು ಕಡಿಮೆ ಎಂದು ಬಂತು. ಒಂದೇ ವಾದದಿಂದ ಒಬ್ಬರಿಗೆ ಅರ್ಧ, ಇನ್ನೊಬ್ಬರಿಗೆ ಹೆಚ್ಚುಕಡಿಮೆ ಪೂರ್ಣ. ಮೊದಲು ಏನನ್ನು ಒಪ್ಪಿಕೊಂಡು ಹೊರಟಿರಿ ಎಂಬುದನ್ನಷ್ಟೇ ಇಂಥ ಅಂಕಿಗಳು ಹೇಳುತ್ತವೆ.

ಒಪ್ಪಿಕೊಂಡು ಹೊರಡುವ ಮಾತುಗಳಲ್ಲಿ ದೊಡ್ಡದು ಪ್ರಜ್ಞೆಯದು. ಮಿದುಳಿನ ಕೆಲಸವನ್ನು ಸರಿಯಾಗಿ ಲೆಕ್ಕ ಹಾಕಿದರೆ ಆ ಲೆಕ್ಕಕ್ಕೇ ನೋವು, ರುಚಿ, ನಾನು ಎಂಬ ಅರಿವು ಹುಟ್ಟುತ್ತದೆ ಎಂದು ಬೋಸ್ಟ್ರಂ ಊಹಿಸಿಕೊಳ್ಳುತ್ತಾರೆ. ಊಹೆ ಎಂದು ಮುಚ್ಚುಮರೆಯಿಲ್ಲದೆ ಹೇಳಿಯೂ ಇದ್ದಾರೆ. ಕಂಪ್ಯೂಟರಿನಲ್ಲಿ ನಾನು ನಡೆಸುವ ಹವಾಮಾನದ ಮಾದರಿಯಲ್ಲಿ ದಿನವೂ ಬಿರುಮಳೆ ಸುರಿಯುತ್ತದೆ, ಯಂತ್ರದ ಕೋಣೆಯಲ್ಲಿ ಒಂದು ಹನಿ ನೀರು ಬಿದ್ದದ್ದಿಲ್ಲ. ಅಮೆರಿಕದ ದಾರ್ಶನಿಕ ಜಾನ್ ಸರ್ಲ್ 1980ರಲ್ಲೇ ಇಂಥ ಆಕ್ಷೇಪ ಎತ್ತಿದ್ದರು. ಪ್ರಜ್ಞೆ ಮಳೆಯಂಥದ್ದಲ್ಲ, ಗಣಿತದಂಥದ್ದು, ಕೂಡಿಸುವಿಕೆಯ ಸಿಮ್ಯುಲೇಷನ್ ಎಂದರೆ ಅದೂ ನಿಜವಾದ ಕೂಡಿಸುವಿಕೆಯೇ ಎಂದು ಎದುರು ಪಕ್ಷದವರು ಹೇಳುತ್ತಾರೆ. ಈ ಜಗಳ ಇನ್ನೂ ತೀರಿಲ್ಲ. ನೆಲದ ಮೇಲಿನ ಸ್ಥಿತಿ ನೋಡುವುದಾದರೆ, ಒಂದು ಮಿಲಿಮೀಟರ್ ಉದ್ದದ ಸಿ. ಎಲೆಗನ್ಸ್ ಎಂಬ ಹುಳುವಿನಲ್ಲಿ ಇರುವುದು 302 ನರಕೋಶಗಳು, ಅವುಗಳ ಜೋಡಣೆಯ ನಕ್ಷೆ 1986ರಲ್ಲೇ ಪ್ರಕಟವಾಯಿತು. ಆ ಹುಳುವಿನ ನಡವಳಿಕೆಯನ್ನೆಲ್ಲ ನಂಬುವಂತೆ ನಡೆಸಿ ತೋರಿಸುವ ಪ್ರೋಗ್ರಾಂ ಇನ್ನೂ ಕೈಗೆ ಬಂದಿಲ್ಲ. ನಕ್ಷೆ ಸಿಕ್ಕರೂ ಯಾವ ಜೋಡಣೆ ಎಷ್ಟು ಬಲದ್ದು, ಯಾವ ರಾಸಾಯನಿಕ ಯಾವಾಗ ಎಲ್ಲಿ ಹರಡುತ್ತದೆ ಎಂಬುದು ನಕ್ಷೆಯಲ್ಲಿರುವುದಿಲ್ಲ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ.

ಈಗ ಖರ್ಚಿಗೆ ಬರೋಣ. ಇದುವರೆಗೆ ಬದುಕಿದ ಎಲ್ಲ ಮನುಷ್ಯರ ಮನಸ್ಸುಗಳನ್ನು ನಡೆಸಲು 1ರ ಮುಂದೆ 33ರಿಂದ 36 ಸೊನ್ನೆ ಹಾಕಿದಷ್ಟು ಲೆಕ್ಕದ ಹೆಜ್ಜೆಗಳು ಬೇಕಾಗಬಹುದು ಎಂದು ಬೋಸ್ಟ್ರಂ ಅಂದಾಜಿಸಿದ್ದರು. ಅಮೆರಿಕದ ಓಕ್ ರಿಜ್‌ನಲ್ಲಿರುವ ಫ್ರಾಂಟಿಯರ್ ಸೂಪರ್ ಕಂಪ್ಯೂಟರ್ 2022ರಲ್ಲಿ ಸೆಕೆಂಡಿಗೆ 1ರ ಮುಂದೆ 18 ಸೊನ್ನೆಯಷ್ಟು ಲೆಕ್ಕದ ಗಡಿ ದಾಟಿತು. ದೊಡ್ಡ ಅಂದಾಜನ್ನೇ ಹಿಡಿದರೆ ಅಂಥ ಯಂತ್ರಕ್ಕೆ ಸುಮಾರು 3,000 ಕೋಟಿ ವರ್ಷ ಹಿಡಿಯುತ್ತದೆ. ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ. ಒಂದು ಗ್ರಹದಷ್ಟು ದ್ರವ್ಯವನ್ನೆಲ್ಲ ಕಂಪ್ಯೂಟರ್ ಮಾಡಿಬಿಟ್ಟರೆ ಇದೇ ಕೆಲಸ ಅದಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನದು ಎಂಬುದು ಅವರ ಸಮಾಧಾನ. ಆಗಲಿ. ಆದರೆ ಇದು ಮಿದುಳುಗಳ ಬಾಬ್ತು ಮಾತ್ರ. ಆ ಮಿದುಳುಗಳು ನೋಡುವ, ಮುಟ್ಟುವ, ಅಗೆಯುವ, ಸೂಕ್ಷ್ಮದರ್ಶಕದಡಿ ಇಡುವ ಜಗತ್ತಿನ ಬಾಬ್ತು ಬೇರೆಯೇ ಇದೆ.

ಜಗತ್ತಿನ ಒಂದು ಚೂರನ್ನು, ಗಾಳಿಯನ್ನು ಮಾತ್ರ, ಲೆಕ್ಕ ಹಾಕುವುದು ಹೇಗಿರುತ್ತದೆ ಎಂದು ನಾನು ಬಲ್ಲೆ. ಭೂಮಿಯನ್ನು ಚೌಕಗಳಾಗಿ ಹರಿದು, ಪ್ರತಿ ಚೌಕಕ್ಕೂ ಒಂದು ಉಷ್ಣತೆ, ಒಂದು ತೇವಾಂಶ, ಒಂದು ಗಾಳಿಯ ವೇಗ ಎಂದು ಅಂಕಿ ಕೊಟ್ಟು, ಕೆಲವು ನಿಮಿಷಗಳ ಹೆಜ್ಜೆಯಲ್ಲಿ ಮುಂದೆ ತಳ್ಳುತ್ತೇವೆ. ಭಾರತದ ಜಾಗತಿಕ ಮುನ್ಸೂಚನೆ ಮಾದರಿಯ ಚೌಕದ ಬದಿ ಮೊದಲು 12 ಕಿಲೋಮೀಟರ್ ಇತ್ತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ಹೊಸ ಮಾದರಿ 2025ರ ಮೇ ತಿಂಗಳಲ್ಲಿ ಅದನ್ನು 6 ಕಿಲೋಮೀಟರಿಗೆ ಇಳಿಸಿತು. ಬರೀ ಅರ್ಧ ಅನ್ನಿಸುತ್ತದೆ. ಬದಿಯನ್ನು ಅರ್ಧ ಮಾಡಿದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ; ಜೊತೆಗೆ ಸಾಮಾನ್ಯವಾಗಿ ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕು, ಇಲ್ಲವಾದರೆ ಅಂಕಿಗಳು ಹುಚ್ಚೆದ್ದು ಲೆಕ್ಕವೇ ಸಿಡಿದುಹೋಗುತ್ತದೆ. ಒಟ್ಟು ಎಂಟು ಪಟ್ಟು ಕೆಲಸ. ಇದೇ ಲೆಕ್ಕದಲ್ಲಿ 6 ಕಿಲೋಮೀಟರಿನಿಂದ 6 ಮೀಟರಿಗೆ ಇಳಿಯಬೇಕೆಂದರೆ ನೂರು ಕೋಟಿ ಪಟ್ಟು ಕೆಲಸ, ಅದೂ ಎತ್ತರದ ಪದರಗಳನ್ನು ಮುಟ್ಟದೆ. ಮಳೆಹನಿಯ ಅಗಲ ಒಂದೆರಡು ಮಿಲಿಮೀಟರ್.

ಹಾಗಾಗಿ ನಾವು ಕಳ್ಳದಾರಿ ಹಿಡಿಯುತ್ತೇವೆ. ಚೌಕಕ್ಕಿಂತ ಚಿಕ್ಕದಾದ ಮೋಡವನ್ನು ಲೆಕ್ಕ ಹಾಕುವುದೇ ಇಲ್ಲ. ಇಷ್ಟು ಸೆಕೆ, ಇಷ್ಟು ತೇವ ಇದ್ದರೆ ಸರಾಸರಿ ಇಷ್ಟು ಮಳೆ ಎಂಬ ಸೂತ್ರ ತುರುಕಿ ಮುಂದೆ ಹೋಗುತ್ತೇವೆ. ಆ ಕಳ್ಳತನ ಹೊರಬೀಳುವುದು ಪಶ್ಚಿಮ ಘಟ್ಟದಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಚಳ್ಳಕೆರೆಯ ಕಡೆ ಬಂದರೆ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಕಡಿದಾದ ಘಟ್ಟದ ಗೋಡೆ ಚೌಕಗಳ ಸರಾಸರಿಯಲ್ಲಿ ಸಪಾಟಾಗಿ, ಒರಗಿದ ದಿಬ್ಬದಂತೆ ಆಗಿಬಿಡುತ್ತದೆ. ಮೋಡಗಳು ಏರಬೇಕಾದ ಕಡೆ ಏರುವುದಿಲ್ಲ, ಮಳೆ ಬೇರೆಲ್ಲೋ ಬೀಳುತ್ತದೆ. ಉಳಿತಾಯ ಮಾಡಿದ ಜಾಗ ಮಳೆಮಾಪಕ ಇಟ್ಟವನಿಗೆ ಗೊತ್ತಾಗಿಯೇ ಗೊತ್ತಾಗುತ್ತದೆ.

ನಿಮ್ಮ ಮಗನ ಹತ್ತಿರ ಇದಕ್ಕೆ ಉತ್ತರವಿದೆ, ವಿಡಿಯೋ ಆಟ ಆಡುವವರೆಲ್ಲರ ಹತ್ತಿರವೂ ಇದೆ: ಯಾರೂ ನೋಡದ ಕಡೆ ಲೆಕ್ಕ ಹಾಕುವುದೇ ಬೇಡ, ನೋಡಿದಾಗ ಚಿತ್ರ ಬಿಡಿಸಿದರಾಯಿತು. ಬೋಸ್ಟ್ರಂ ಕೂಡ ಇದನ್ನೇ ಹೇಳುತ್ತಾರೆ. ಆಟಕ್ಕೆ ಇದು ಸಾಕು. ಜಗತ್ತಿಗೆ ಸಾಕಾಗುತ್ತದೆಯೇ ಎಂಬುದಕ್ಕೆ ನನಗೆ ಬಹಳ ಇಷ್ಟವಾದ ಒಂದು ಘಟನೆ ಹೇಳುತ್ತೇನೆ.

1972ರಲ್ಲಿ ಫ್ರಾನ್ಸಿನ ಪಿಯೆರ್‌ಲಾಟ್ ಎಂಬಲ್ಲಿನ ಪರಮಾಣು ಇಂಧನ ಘಟಕದಲ್ಲಿ ಯುರೇನಿಯಂ ಮಾದರಿಗಳನ್ನು ಪರೀಕ್ಷಿಸುತ್ತಿದ್ದರು. ನೈಸರ್ಗಿಕ ಯುರೇನಿಯಂನಲ್ಲಿ, ಸುಲಭವಾಗಿ ಒಡೆದು ಶಕ್ತಿ ಕೊಡುವ ಯುರೇನಿಯಂ-235 ಎಂಬ ಬಗೆಯ ಪಾಲು ಈಗ ಶೇ 0.720. ಭೂಮಿಯ ಯಾವ ಗಣಿಯಿಂದ ತಂದರೂ ಅಷ್ಟೇ, ಚಂದ್ರನ ಕಲ್ಲಿನಲ್ಲೂ ಉಲ್ಕೆಯಲ್ಲೂ ಅಷ್ಟೇ. ಒಂದು ಮಾದರಿಯಲ್ಲಿ ಮಾತ್ರ ಶೇ 0.717 ಬಂತು. ಮೂರನೆಯ ದಶಾಂಶದಲ್ಲಿ ಮೂರು ಕಡಿಮೆ. ಬಾಂಬಿಗೆ ಬರುವ ವಸ್ತುವಾದ್ದರಿಂದ ಗ್ರಾಂ ಲೆಕ್ಕ ಬೇಕಿತ್ತು, ಹುಡುಕಾಟ ಶುರುವಾಯಿತು. ಜಾಡು ಹೋಗಿ ನಿಂತದ್ದು ಆಫ್ರಿಕಾದ ಗ್ಯಾಬನ್ ದೇಶದ ಓಕ್ಲೋ ಗಣಿಯಲ್ಲಿ. ಕಳುವಾಗಿರಲಿಲ್ಲ. ಸುಮಾರು 200 ಕೋಟಿ ವರ್ಷಗಳ ಹಿಂದೆ ಆ ಅದಿರೇ ತಾನಾಗಿ ಪರಮಾಣು ರಿಯಾಕ್ಟರ್ ಆಗಿ ಉರಿದು ತನ್ನ ಯುರೇನಿಯಂ-235ನ್ನು ಖರ್ಚು ಮಾಡಿಕೊಂಡಿತ್ತು. ಆ ಕಾಲದಲ್ಲಿ 235ರ ಪಾಲು ಶೇ 3ಕ್ಕೂ ಹೆಚ್ಚಿತ್ತು, ಬಂಡೆಯ ಬಿರುಕಿನಲ್ಲಿ ನೀರಿತ್ತು, ಅಷ್ಟು ಸಾಕಾಯಿತು. ಹೀಗೊಂದು ನಡೆದಿರಬಹುದು ಎಂದು ರಸಾಯನವಿಜ್ಞಾನಿ ಪಾಲ್ ಕುರೋಡ 1956ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. ವಿದಳನದಿಂದ, ಅಂದರೆ ಯುರೇನಿಯಂ ಪರಮಾಣು ಒಡೆಯುವುದರಿಂದ, ಹುಟ್ಟುವ ನಿಯೋಡಿಮಿಯಂನಂಥ ಧಾತುಗಳು ಇರಬೇಕಾದ ಪ್ರಮಾಣದಲ್ಲೇ ಅಲ್ಲಿ ಸಿಕ್ಕವು. 2004ರಲ್ಲಿ ಅಲ್ಲಿನ ಖನಿಜದ ಕಣಗಳಲ್ಲಿ ಸಿಕ್ಕಿಹಾಕಿಕೊಂಡಿದ್ದ ಕ್ಸೆನಾನ್ ಅನಿಲವನ್ನು ಅಳೆದವರು ಇನ್ನೂ ಒಂದು ವಿವರ ಕೊಟ್ಟರು: ಆ ರಿಯಾಕ್ಟರ್ ಸುಮಾರು ಅರ್ಧ ಗಂಟೆ ಉರಿಯುತ್ತಿತ್ತು, ನೀರು ಕುದಿದು ಆವಿಯಾದಾಗ ನಿಲ್ಲುತ್ತಿತ್ತು, ಎರಡೂವರೆ ಗಂಟೆ ತಣಿದು, ನೀರು ಮತ್ತೆ ಇಳಿದಾಗ ಮತ್ತೆ ಹೊತ್ತಿಕೊಳ್ಳುತ್ತಿತ್ತು.

ಅದು ಉರಿಯುತ್ತಿದ್ದಾಗ ನೋಡಲು ಕಣ್ಣಿದ್ದ ಒಂದೇ ಒಂದು ಪ್ರಾಣಿ ಭೂಮಿಯ ಮೇಲಿರಲಿಲ್ಲ. ಆದರೂ ಅರ್ಧ ಗಂಟೆಯ ಆ ಲಯ ಬಂಡೆಯಲ್ಲಿ ಕೂತಿದೆ, ಮತ್ತು ಅದು ಕುರೋಡ ಅವರ ಕಾಗದದ ಲೆಕ್ಕಕ್ಕೂ, ಫ್ರಾನ್ಸಿನ ಉಪಕರಣಕ್ಕೂ, ಮೂರು ದಶಕಗಳ ನಂತರದ ಇನ್ನೊಂದು ಪ್ರಯೋಗಾಲಯಕ್ಕೂ ಹೊಂದುತ್ತದೆ. ನೋಡುವಾಗ ಮಾತ್ರ ಚಿತ್ರ ಬಿಡಿಸುವ ಯಂತ್ರ ಇದನ್ನು ನಿಭಾಯಿಸಬೇಕಾದರೆ, ಮುಂದೆ ಯಾರು ಯಾವ ಉಪಕರಣ ಹಿಡಿದು ಎಲ್ಲಿ ಕೆದಕುತ್ತಾರೆ ಎಂದು ಮೊದಲೇ ತಿಳಿದಿರಬೇಕು, ಅಥವಾ ಕೆದಕಿದ ಕ್ಷಣದಲ್ಲಿ 200 ಕೋಟಿ ವರ್ಷಗಳ ಕತೆಯನ್ನು ಉಳಿದೆಲ್ಲ ಕತೆಗಳಿಗೂ ಹೊಂದುವಂತೆ ಹೆಣೆಯಬೇಕು. ಅಷ್ಟು ಹೆಣೆಯುವುದಕ್ಕೂ ನಡೆಸಿಯೇ ಬಿಡುವುದಕ್ಕೂ ಖರ್ಚಿನಲ್ಲಿ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಸುಳ್ಳು ಲೆಕ್ಕ ಬರೆಯುವವರ ಕಷ್ಟವೇ ಇದು. ಒಂದು ರಶೀದಿ ತಿದ್ದಿದರೆ ಹತ್ತು ಪುಸ್ತಕ ತಿದ್ದಬೇಕು.

'ಹಾಗಾದರೆ ಆ ಕುರುಹುಗಳನ್ನೆಲ್ಲ ನಮ್ಮ ನೆನಪುಗಳ ಸಮೇತ ಇಟ್ಟು, ಜಗತ್ತನ್ನು ಈಚೆಗೆ ಶುರು ಮಾಡಿರಬಹುದಲ್ಲ?' ಎಂದು ಅವನು ಕೇಳುತ್ತಾನೆ. ಕೇಳಲಿ. ಜಗತ್ತು ಐದು ನಿಮಿಷದ ಹಿಂದೆ ಎಲ್ಲ ನೆನಪುಗಳೊಂದಿಗೆ ಹುಟ್ಟಿತು ಎಂದರೆ ತರ್ಕದಿಂದ ಅಲ್ಲಗಳೆಯಲಾಗದು ಎಂದು ಬರ್ಟ್ರಂಡ್ ರಸೆಲ್ 1921ರಲ್ಲೇ ಬರೆದಿದ್ದರು, ಅದನ್ನು ಗಂಭೀರವಾಗಿ ನಂಬಬೇಕೆಂದು ಅಲ್ಲ. ಆದರೆ ಇಲ್ಲಿ ನಿಮ್ಮ ಮಗ ಕೂತ ಕೊಂಬೆಯನ್ನೇ ಕಡಿದುಕೊಳ್ಳುತ್ತಾನೆ. ಸಿಮ್ಯುಲೇಷನ್ ಸಾಧ್ಯ ಎಂದು ಅವನಿಗೆ ಗೊತ್ತಾದದ್ದು ಹೇಗೆ? ಕಂಪ್ಯೂಟರುಗಳು ಬೆಳೆದ ಇತಿಹಾಸ, ಮಿದುಳಿನ ಅಧ್ಯಯನ, ಒಂದು ಗ್ರಹದಷ್ಟು ದ್ರವ್ಯದಿಂದ ಎಷ್ಟು ಲೆಕ್ಕ ತೆಗೆಯಬಹುದು ಎಂಬ ಭೌತವಿಜ್ಞಾನ, ಎಲ್ಲವೂ ಈ ಜಗತ್ತಿನಿಂದಲೇ ಬಂದವು. ಈ ಜಗತ್ತಿನ ಕುರುಹುಗಳು ನಂಬಿಕೆಗೆ ಅರ್ಹವಾದರೆ ಓಕ್ಲೋ ಕೂಡ ಅರ್ಹ, ಆಗ ಖರ್ಚು ಆಕಾಶ ಮುಟ್ಟುತ್ತದೆ. ಅರ್ಹವಲ್ಲವಾದರೆ ಮಸ್ಕ್ ಹೇಳಿದ ನಲವತ್ತು ವರ್ಷಗಳ ಆಟದ ಇತಿಹಾಸವೂ ಸುಳ್ಳಿರಬಹುದು, ವಾದಕ್ಕೆ ಕಾಲೂರಲು ನೆಲವೇ ಇರುವುದಿಲ್ಲ. ಹೊರಗಿನ ಲೋಕದ ಭೌತನಿಯಮಗಳೇ ಬೇರೆ, ಅಲ್ಲಿ ಲೆಕ್ಕ ಅಗ್ಗ ಎಂದರೂ ಇದೇ ತೊಡಕು. ಬೋಸ್ಟ್ರಂ ತರ್ಕ ನಿಂತಿರುವುದು ಹೊರಗಿನವರು ನಮ್ಮಂಥವರೇ, ನಮ್ಮ ಮುಂದಿನ ಪೀಳಿಗೆಯಂಥವರೇ ಎಂಬುದರ ಮೇಲೆ. ಆ ಗುರುತನ್ನೂ ಬಿಟ್ಟರೆ ಉಳಿಯುವುದು ಡೆಕಾರ್ಟ್ 1641ರಲ್ಲಿ ಕಲ್ಪಿಸಿಕೊಂಡ, ಎಲ್ಲದರಲ್ಲೂ ನಮ್ಮನ್ನು ಮೋಸಗೊಳಿಸುವ ದುಷ್ಟಶಕ್ತಿ. ಅದಕ್ಕೆ ಕಂಪ್ಯೂಟರಿನ ಹಂಗೇ ಬೇಡ.

ಈ ತೊಡಕು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಪಿಕ್ಸೆಲ್, ಪ್ರೊಸೆಸರ್ ಮುಂತಾದವನ್ನು ಬೇಗ ಮುಗಿಸಬಹುದು.

ಪ್ಲಾಂಕ್ ಉದ್ದ, ಅಂದರೆ ಒಂದು ಮೀಟರನ್ನು 1ರ ಮುಂದೆ 35 ಸೊನ್ನೆಯಿಂದ ಭಾಗಿಸಿದಷ್ಟರ ಆಸುಪಾಸಿನ ಅಳತೆ, ಯಾರೋ ಕಂಡ ಚೌಕವಲ್ಲ. ಗುರುತ್ವ, ಕ್ವಾಂಟಂ ಸಿದ್ಧಾಂತ, ಬೆಳಕಿನ ವೇಗ ಇವುಗಳ ಸ್ಥಿರಾಂಕಗಳನ್ನು ಗುಣಿಸಿ ಭಾಗಿಸಿದಾಗ ಸಿಗುವ ಉದ್ದ. ಅದಕ್ಕಿಂತ ಕೆಳಗೆ ಈಗಿನ ಸಿದ್ಧಾಂತಗಳನ್ನು ನೆಚ್ಚಲಾಗದು ಎಂದಷ್ಟೇ ಅದರ ಅರ್ಥ. ಆ ಮಟ್ಟದಲ್ಲಿ ಆಕಾಶ (ತಲೆಯ ಮೇಲಿನ ಬಾನಲ್ಲ, ವಸ್ತುಗಳೆಲ್ಲ ಇರುವ ಸ್ಥಳ) ಕಣಕಣವಾಗಿದ್ದರೆ ಬೇರೆ ಬೇರೆ ಶಕ್ತಿಯ ಬೆಳಕು ತುಸು ಬೇರೆ ವೇಗದಲ್ಲಿ ಸಾಗಬಹುದು ಎಂದು ಕೆಲವರು ಊಹಿಸಿದ್ದರು. 2009ರ ಮೇ 10ರಂದು ಸುಮಾರು 730 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಗಾಮಾ ಕಿರಣ ಸ್ಫೋಟದಿಂದ ಬಂದ ಅತಿ ಶಕ್ತಿಯ ಫೋಟಾನನ್ನು, ಅಂದರೆ ಬೆಳಕಿನ ಕಣವನ್ನು, ಫರ್ಮಿ ಉಪಗ್ರಹ ಹಿಡಿಯಿತು. ಅಷ್ಟು ದೂರದ ಓಟದ ಕೊನೆಗೆ ಅದು ಸ್ಫೋಟ ಕಾಣಿಸಿಕೊಂಡ ಒಂದು ಸೆಕೆಂಡಿನೊಳಗೇ ಬಂದು ಮುಟ್ಟಿತ್ತು. ಅಂಥ ಸರಳ ಮಾದರಿಗಳಿಗೆ ಅಲ್ಲಿಗೆ ದೊಡ್ಡ ಪೆಟ್ಟು ಬಿತ್ತು.

ಬೆಳಕಿನ ವೇಗ ಪ್ರೊಸೆಸರಿನ ಮಿತಿ ಎಂಬುದು ನನ್ನ ಕಸುಬಿನವರಿಗೆ ನಗು ತರಿಸುವ ಮಾತು. ನನ್ನ ಮಾದರಿಯ ಒಂದು ದಿನವನ್ನು ಯಂತ್ರ ಹತ್ತು ನಿಮಿಷದಲ್ಲಿ ಮುಗಿಸಲಿ, ಹತ್ತು ತಿಂಗಳು ಎಳೆಯಲಿ, ಮಾದರಿಯೊಳಗಿನ ಗಾಳಿಯ ವೇಗ ಒಂದಿಷ್ಟೂ ಬದಲಾಗುವುದಿಲ್ಲ. ಹೊರಗಿನ ಯಂತ್ರ ನಿಧಾನವಾದರೆ ಒಳಗಿನ ಗಡಿಯಾರವೂ ಅಷ್ಟೇ ನಿಧಾನವಾಗುತ್ತದೆ. ಒಳಗಿರುವವರಿಗೆ ಅದು ತಿಳಿಯುವ ದಾರಿಯೇ ಇಲ್ಲ.

ಯಾರೂ ನೋಡದಿದ್ದಾಗ ಕಣಕ್ಕೆ ಜಾಗವಿಲ್ಲ ಎಂಬುದರಲ್ಲಿ 'ನೋಡುವುದು' ಎಂದರೆ ಮನುಷ್ಯ ಕಣ್ಣು ಬಿಡುವುದಲ್ಲ. ದಾರಿಯಲ್ಲಿ ಒಂದು ಗಾಳಿಯ ಅಣು ಬಡಿದರೂ ಅದೇ ಪರಿಣಾಮ. ಇನ್ನು ಉಳಿತಾಯದ ಮಾತು ತಲೆಕೆಳಗಾಗಿದೆ. ನಮ್ಮ ಕಂಪ್ಯೂಟರಿನಲ್ಲಿ ಅತ್ಯಂತ ದುಬಾರಿ ಎಂದರೆ ಹೀಗೆ ನಿಶ್ಚಯವಾಗದೆ ಒಂದಕ್ಕೊಂದು ಹೆಣೆದುಕೊಂಡ ಕಣಗಳೇ. 300 ಎಲೆಕ್ಟ್ರಾನುಗಳ ತಿರುಗುವಿಕೆಯ ಇಂಥ ಸ್ಥಿತಿಯನ್ನು ಪೂರ್ತಿ ಬರೆದಿಡಲು 2ನ್ನು 300 ಬಾರಿ ಗುಣಿಸಿದಷ್ಟು ಅಂಕಿಗಳು ಬೇಕು, ಅಂದರೆ 1ರ ಮುಂದೆ 90 ಸೊನ್ನೆ. ಕಾಣುವ ವಿಶ್ವದಲ್ಲಿರುವ ಪರಮಾಣುಗಳು ಸುಮಾರು 1ರ ಮುಂದೆ 80 ಸೊನ್ನೆಯಷ್ಟು. ಕಾಸು ಉಳಿಸಬೇಕೆಂದಿರುವ ಪ್ರೋಗ್ರಾಮರ್ ಪ್ರತಿ ಕಣಕ್ಕೂ ಒಂದು ಜಾಗ ಗೊತ್ತು ಮಾಡಿ ನ್ಯೂಟನ್ನನ ಜಗತ್ತು ಕಟ್ಟುತ್ತಿದ್ದ. ಅಲ್ಲಿ ಕ್ವಾಂಟಂ ಕಂಪ್ಯೂಟರ್ ಇರಬಹುದು ಎಂದು ಮಗ ಹೇಳಬಹುದು, ಹೇಳುವ ಹಕ್ಕು ಅವನಿಗಿದೆ. ಅದೇ ಕಾರಣಕ್ಕೆ, 2017ರಲ್ಲಿ ಇಬ್ಬರು ಭೌತವಿಜ್ಞಾನಿಗಳ ಪ್ರಬಂಧವೊಂದನ್ನು ಹಿಡಿದು 'ನಾವು ಸಿಮ್ಯುಲೇಷನ್ನಿನಲ್ಲಿಲ್ಲ ಎಂದು ಸಾಬೀತಾಯಿತು' ಎಂದು ಬಂದ ಸುದ್ದಿಗಳನ್ನೂ ನಂಬಬೇಡಿ. ಸಾಮಾನ್ಯ ಕಂಪ್ಯೂಟರಿನಲ್ಲಿ ಕೆಲವು ಕ್ವಾಂಟಂ ಲೆಕ್ಕಗಳು ಎಷ್ಟು ಕಷ್ಟ ಎಂಬುದಷ್ಟೇ ಆ ಪ್ರಬಂಧದ ವಿಷಯವಾಗಿತ್ತು.

ಇನ್ನು ನಿಮ್ಮ ತಂದೆಯವರ ಮಾತು. ಹಿರಿಯರೊಡನೆ ವಾದಕ್ಕಿಳಿಯುವುದು ನನ್ನ ಉದ್ದೇಶವಲ್ಲ, ಆದರೆ ಶಂಕರರನ್ನು ಈ ಪಕ್ಷಕ್ಕೆ ಎಳೆಯುವುದು ಸರಿಯಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಎರಡನೆಯ ಪಾದದಲ್ಲಿ 'ವೈಧರ್ಮ್ಯಾಚ್ಚ ನ ಸ್ವಪ್ನಾದಿವತ್' ಎಂಬ ಸೂತ್ರ ಬರುತ್ತದೆ. ಎಚ್ಚರದಲ್ಲಿ ಕಾಣುವುದೂ ಕನಸಿನಂತೆ ಮನಸ್ಸಿನದೇ ಸೃಷ್ಟಿ ಎನ್ನುವ ವಿಜ್ಞಾನವಾದಿ ಬೌದ್ಧರನ್ನು ಶಂಕರರು ತಮ್ಮ ಭಾಷ್ಯದಲ್ಲಿ ಖಂಡಿಸುವುದು ಅಲ್ಲಿಯೇ. ಕನಸಿನಲ್ಲಿ ಕಂಡದ್ದು ಎದ್ದ ಮೇಲೆ ಸುಳ್ಳೆಂದು ಬಾಧಿತವಾಗುತ್ತದೆ, ಎಚ್ಚರದಲ್ಲಿ ಕಂಡ ಕಂಬ ಮುಂತಾದ ವಸ್ತು ಯಾವ ಅವಸ್ಥೆಯಲ್ಲೂ ಹಾಗೆ ಬಾಧಿತವಾಗುವುದಿಲ್ಲ, ಆದ್ದರಿಂದ ಎರಡೂ ಒಂದಲ್ಲ ಎನ್ನುತ್ತಾರೆ. ಬ್ರಹ್ಮಜ್ಞಾನದ ದೃಷ್ಟಿಯಲ್ಲಿ ಜಗತ್ತು ಮಿಥ್ಯೆ ಎಂಬುದು ಬೇರೆ ಮಟ್ಟದ ಮಾತು. ವ್ಯವಹಾರದಲ್ಲಿ ಕಂಬ ಕಂಬವೇ. ಜೊತೆಗೆ ಸಿಮ್ಯುಲೇಷನ್ ವಾದಕ್ಕೆ ಹೊರಗೆ ಇನ್ನೊಂದು ಜಡ ಜಗತ್ತು, ಅಲ್ಲಿ ವಿದ್ಯುತ್ತು, ಯಂತ್ರ, ಅದನ್ನು ನಡೆಸುವ ಮಂದಿ ಎಲ್ಲ ಬೇಕು. ಅದ್ವೈತದಲ್ಲಿ ಅಂಥ ಎರಡನೆಯ ಊರಿಲ್ಲ. ಇನ್ನು ಉಡುಪಿ ಸಮೀಪದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರಿಗೆ ಹದಿಮೂರನೆಯ ಶತಮಾನದಲ್ಲಿ ಅಷ್ಟು ಮಿಥ್ಯೆಯೂ ಒಪ್ಪಿಗೆಯಾಗಲಿಲ್ಲ. ಜಗತ್ತು ಸತ್ಯ, ಜೀವ ಜಡಗಳ ನಡುವಿನ ಭೇದವೂ ಸತ್ಯ ಎಂದರು.

ಇಷ್ಟು ಜಗಳವಾಡಿದ ಈ ಎರಡೂ ಪಕ್ಷಗಳು, ವೇದವಾಕ್ಯಗಳ ಅರ್ಥ ವಿಚಾರಿಸುವ ಮೀಮಾಂಸಕರಿಂದ ಬಂದ ಒಂದು ನಿಯಮವನ್ನು ಮಾತ್ರ ಒಪ್ಪುತ್ತವೆ: ಜ್ಞಾನದ ಪ್ರಾಮಾಣ್ಯ ಸ್ವತಃ, ಅಪ್ರಾಮಾಣ್ಯ ಪರತಃ. ಕಂಡದ್ದನ್ನು ನಿಜವೆಂದು ಹಿಡಿಯಲು ಬೇರೆ ಕಾರಣ ಬೇಡ, ಸುಳ್ಳೆಂದು ತಳ್ಳಲು ಕಾರಣ ಬೇಕು. ಆ ಕಾರಣಕ್ಕೆ ಬಾಧಕ ಎಂದು ಹೆಸರು. ಹಗ್ಗ ಹಾವಾಗಿ ಕಂಡದ್ದು ದೀಪ ತಂದಾಗ ಬಾಧಿತವಾಯಿತು. ದೀಪ ತರದೆ, ಹಾವೂ ಇರಬಹುದು ಹಗ್ಗವೂ ಇರಬಹುದು ಎಂದು ಸುಮ್ಮನೆ ಹೇಳುತ್ತ ಕೂತರೆ ಏನೂ ಸಿದ್ಧವಾಗುವುದಿಲ್ಲ. ನಿಮ್ಮ ಮಗನಿಗೆ ಕೇಳಬೇಕಾದ ಪ್ರಶ್ನೆ ಇದೇ: ಬಾಧಕ ಎಲ್ಲಿ?

ಅದನ್ನು ಹುಡುಕುವ ಒಂದು ಪ್ರಾಮಾಣಿಕ ಪ್ರಯತ್ನ ನಡೆದಿದೆ, ಅದೂ ನನ್ನಂತೆ ಚೌಕಗಳಲ್ಲಿ ಲೆಕ್ಕ ಹಾಕುವವರಿಂದ. ಪ್ರೋಟಾನಿನೊಳಗಿನ ಕ್ವಾರ್ಕುಗಳನ್ನು ಅಧ್ಯಯನ ಮಾಡುವವರು ಕೆಲವೇ ಪ್ರೋಟಾನುಗಳಷ್ಟು ಅಗಲದ ಆಕಾಶದ ತುಣುಕನ್ನು ಘನಾಕೃತಿಯ ಜಾಲರಿಯಾಗಿ ಕತ್ತರಿಸಿ ಸೂಪರ್ ಕಂಪ್ಯೂಟರಿನಲ್ಲಿ ನಡೆಸುತ್ತಾರೆ. ಆ ಕ್ಷೇತ್ರದ ಸೈಲಸ್ ಬೀನ್, ಜೊಹ್ರೆ ದಾವೂದಿ, ಮಾರ್ಟಿನ್ ಸ್ಯಾವೇಜ್ 2012ರಲ್ಲಿ ಕೇಳಿದ್ದು ಇದು: ಇಡೀ ವಿಶ್ವವೂ ನಮ್ಮ ಜಾಲರಿಯಂಥದ್ದೇ ಆಗಿದ್ದರೆ ಅದರ ಗುರುತು ಎಲ್ಲಿ ಸಿಗಬೇಕು? ಜಾಲರಿಯಲ್ಲಿ ಅಂಚಿನ ಗುಂಟ ಹೋಗುವುದಕ್ಕೂ ಮೂಲೆಯಿಂದ ಮೂಲೆಗೆ ಹೋಗುವುದಕ್ಕೂ ವ್ಯತ್ಯಾಸವಿದೆ. ಸಾಮಾನ್ಯ ಕಣಗಳಿಗೆ ಅದು ತಿಳಿಯದು. ಅತ್ಯಂತ ಹೆಚ್ಚು ಶಕ್ತಿಯ ವಿಶ್ವಕಿರಣಗಳಿಗೆ, ಅಂದರೆ ಬಾಹ್ಯಾಕಾಶದಿಂದ ಭೂಮಿಗೆ ಬಂದು ಬಡಿಯುವ ಕಣಗಳಿಗೆ, ತಿಳಿಯಬೇಕು, ಅವು ಆಕಾಶದ ಎಲ್ಲ ದಿಕ್ಕಿನಿಂದಲೂ ಒಂದೇ ರೀತಿ ಬರದೆ ಘನದ ಅಂದಕ್ಕೆ ತಕ್ಕಂತೆ ಹಂಚಿಕೆಯಾಗಬೇಕು. ಈವರೆಗೆ ಕಂಡ ವಿಶ್ವಕಿರಣಗಳ ಶಕ್ತಿಯನ್ನು ನೋಡಿ, ಜಾಲರಿ ಇರುವುದೇ ಆದರೆ ಅದರ ಕಣ್ಣು ಪ್ರೋಟಾನಿಗಿಂತ ಹತ್ತು ಸಾವಿರ ಕೋಟಿ ಪಟ್ಟಿಗೂ ಹೆಚ್ಚು ಚಿಕ್ಕದಿರಬೇಕು ಎಂದು ಅವರು ಮಿತಿ ಹಾಕಿದರು.

ಆ ಕಿರಣಗಳನ್ನು ಎಣಿಸುತ್ತಿರುವ ದೊಡ್ಡ ಜಾಗ ಅರ್ಜೆಂಟೀನಾದ ಬಯಲಿನಲ್ಲಿದೆ. ಪಿಯರ್ ಆಜೆ ವೀಕ್ಷಣಾಲಯದ ನೀರಿನ ತೊಟ್ಟಿಗಳು ಸುಮಾರು 3,000 ಚದರ ಕಿಲೋಮೀಟರ್ ಹರಡಿವೆ. ಅತಿ ಶಕ್ತಿಯ ಕಿರಣಗಳು ಎಲ್ಲ ದಿಕ್ಕಿನಿಂದ ಸಮವಾಗಿ ಬರುವುದಿಲ್ಲ ಎಂದು 2017ರಲ್ಲಿ ಅವರು ತೋರಿಸಿದ್ದೂ ನಿಜ. ನಿಮ್ಮ ಮಗ ಅದನ್ನು ಹಿಡಿದುಕೊಂಡು ಬರುವ ಮೊದಲೇ ಹೇಳಿಬಿಡುತ್ತೇನೆ: ಅಲ್ಲಿ ಕಂಡದ್ದು ಆಕಾಶದ ಒಂದು ಕಡೆ ತುಸು ಹೆಚ್ಚು, ಎದುರು ಕಡೆ ತುಸು ಕಡಿಮೆ ಎಂಬ ಸುಮಾರು ಶೇ 6.5ರ ಏರಿಳಿತ. ಘನದ ಲಕ್ಷಣ ಅದಲ್ಲ. ಆ ದಿಕ್ಕು ನಮ್ಮ ಕ್ಷೀರಪಥದ ನಡುವಿನಿಂದ ಬಹಳ ದೂರಕ್ಕಿರುವುದರಿಂದ, ಈ ಕಿರಣಗಳು ಬೇರೆ ಗೆಲಾಕ್ಸಿಗಳಿಂದ ಬರುತ್ತಿವೆ ಎಂಬುದು ಸಹಜವಾದ ವಿವರಣೆ. ಮುಂದೆಂದಾದರೂ ಘನದ ಗುರುತೇ ಸಿಕ್ಕಿತು ಎನ್ನಿ, ಆಗಲೂ ಭೌತವಿಜ್ಞಾನಿಗಳು ಮೊದಲು ಬರೆಯುವುದು ಆಕಾಶಕ್ಕೇ ಸಹಜವಾಗಿ ಜಾಲರಿಯ ರಚನೆಯಿದೆ ಎಂದು. ಜಾಲರಿ ಸಿಕ್ಕ ಮಾತ್ರಕ್ಕೆ ಅದನ್ನು ಹೆಣೆದವರು ಸಿಕ್ಕಂತಾಗುವುದಿಲ್ಲ. ಉಪ್ಪಿನ ಹರಳಿನಲ್ಲೂ ಪರಮಾಣುಗಳು ಘನಾಕೃತಿಯ ಜಾಲರಿಯಲ್ಲೇ ಕೂತಿವೆ, ಅದನ್ನು ಯಾರೂ ಕಂಪ್ಯೂಟರ್ ಕೆಲಸ ಎನ್ನುವುದಿಲ್ಲ.